ನಿಮ್ಮ ವಾರ್ಡಿಗೊಂದು ಸೈಕಲ್ ಪಥ: ಅಳವಡಿಕೆ ಮತ್ತು ಬಳಕೆಯ ಕೈಪಿಡಿ

(ಬೆಂಗಳೂರು ಮಾದರಿ. ಬೇರೆ ಊರಿನವರು ಇಲಾಖೆಗಳ ಹೆಸರು ಬದಲಿಸಿಕೊಂಡು ಓದುವುದು.)

ಓದುವ ಮುನ್ನ

ಸೈಕಲ್ ಪಥ ಬೇಕೆಂದು ಮನಸ್ಸು ಮಾಡಿದ್ದಕ್ಕೆ ಅಭಿನಂದನೆಗಳು. ಈ ಉತ್ಪನ್ನ ಜೋಡಣೆಯಾಗಿ ಬರುವುದಿಲ್ಲ. ಬಿಡಿಭಾಗಗಳು ನಾಲ್ಕೈದು ಇಲಾಖೆಗಳ ಬೀರುಗಳಲ್ಲಿ ಹಂಚಿಹೋಗಿವೆ. ಒಂದೊಂದು ಬೀರುವಿನ ಬೀಗದ ಕೈ ಒಬ್ಬೊಬ್ಬರ ಬಳಿ ಇದೆ, ಅವರೆಲ್ಲ ಈಗಷ್ಟೇ ಸೈಟ್ ವಿಸಿಟ್‌ಗೆ ಹೋಗಿದ್ದಾರೆ. ಪೂರ್ತಿ ಜೋಡಣೆಗೆ ಎಷ್ಟು ಕಾಲ ಬೇಕೆಂಬುದನ್ನು ಇಲ್ಲಿ ಮುದ್ರಿಸಿಲ್ಲ.

ಎಚ್ಚರಿಕೆ: ಅರ್ಜಿ ಕೊಡಲು ಸೈಕಲ್ಲಿನಲ್ಲೇ ಹೋಗುವ ಹುಮ್ಮಸ್ಸು ಬೇಡ. ಕಚೇರಿಯ ಗೇಟಿನಲ್ಲಿ ಸೆಕ್ಯುರಿಟಿಯವರು ತಡೆಯುತ್ತಾರೆ. “ಸೈಕಲ್ ಒಳಗೆ ಬಿಡಲ್ಲ ಸಾರ್. ಅಲ್ಲಿ ಮರಕ್ಕೆ ಒರಗಿಸ್ಬಿಡಿ, ನಾನು ನೋಡ್ಕೋತೀನಿ.” ಆ ಮರಕ್ಕೆ ಆಗಲೇ ಒಂದು ಸೈಕಲ್ ಒರಗಿರುತ್ತದೆ, ಹ್ಯಾಂಡಲಿಗೆ ಊಟದ ಬ್ಯಾಗ್ ನೇತುಹಾಕಿಕೊಂಡು. ಅದು ಸೆಕ್ಯುರಿಟಿಯವರದೇ. ನೀವು ಪಥ ಕೇಳುತ್ತಿರುವುದು ನಿಮ್ಮ ಸೈಕಲ್ಲಿಗೆಂದು ತಿಳಿದಿದ್ದರೆ ಈ ಕೈಪಿಡಿಯನ್ನು ಮುಚ್ಚಿಟ್ಟು, ಅದು ಇವರದಕ್ಕೆಂದು ಅರಿವಾದ ಮೇಲೆ ಮತ್ತೆ ತೆರೆಯುವುದು.

ಪೆಟ್ಟಿಗೆಯಲ್ಲಿ ಏನೇನಿದೆ

ಮುಚ್ಚಳ ತೆಗೆದರೆ ಮೇಲೆಯೇ ಸಿಗುವುದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ. ರಸ್ತೆಯ ಜಾಗವನ್ನು ಹಂಚುವಾಗ ವಾಹನಗಳನ್ನಲ್ಲ, ಜನರನ್ನು ನೋಡಬೇಕು ಎಂಬುದು ಅದರ ತಿರುಳು. ಅದರ ಕೆಳಗೆ ನಗರ ಭೂಸಾರಿಗೆ ನಿರ್ದೇಶನಾಲಯ. ಎಲ್ಲರೂ ‘ಡಲ್ಟ್’ ಎನ್ನುವ ಇದನ್ನು ರಾಜ್ಯ ಸರ್ಕಾರ 2007ರಲ್ಲಿ ಸ್ಥಾಪಿಸಿತು. ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಹಕ್ಕು ಕೊಡುವ ಮಸೂದೆಯೊಂದರ ಕರಡನ್ನು 2021ರಲ್ಲಿ ಇದೇ ನಿರ್ದೇಶನಾಲಯ ಸಿದ್ಧಪಡಿಸಿತು. ಅದೇ ವರ್ಷ ಕೇಂದ್ರ ಸರ್ಕಾರ ನಡೆಸಿದ ಸೈಕಲ್‌ಸ್ನೇಹಿ ನಗರಗಳ ಸ್ಪರ್ಧೆಯಲ್ಲಿ ಗೆದ್ದ ಹನ್ನೊಂದು ನಗರಗಳಲ್ಲಿ ಬೆಂಗಳೂರೂ ಒಂದು. ಪ್ರಶಸ್ತಿ ಪತ್ರವೂ ಪೆಟ್ಟಿಗೆಯಲ್ಲಿದೆ, ನೋಡಿ.

ತಳದಲ್ಲಿ, ತೆಳ್ಳಗೆ, ಧೂಳು ಹಿಡಿದು ಇರುವುದು ಐಆರ್‌ಸಿ 11. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲಿ ಸೈಕಲ್ ಪಥಗಳಿಗೆಂದೇ ಬರೆದ ನಿಯಮ, 2015ರಲ್ಲಿ ಪರಿಷ್ಕೃತ. ಮೂಲ ಪುಸ್ತಿಕೆಯನ್ನು ಎಸೆಯಬೇಡಿ. ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಓಡಾಡುವ ರಸ್ತೆಯಲ್ಲಿ, ಗಂಟೆಗೆ 100 ಸೈಕಲ್ ಬಂದರೂ ಪ್ರತ್ಯೇಕ ಪಥ ಹಾಕುವುದು ಸಮರ್ಥನೀಯ ಎಂದು ಅದರಲ್ಲಿದೆ. ಗಂಟೆಗೆ ಇನ್ನೂರು! ಬರೆದ ಎಂಜಿನಿಯರುಗಳಿಗೆ ಅದು ಭಾರೀ ಗದ್ದಲದ ರಸ್ತೆಯಾಗಿ ಕಂಡಿರಬೇಕು. ಈಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಷ್ಟು ವಾಹನಗಳು ಒಂದೇ ಹಸಿರು ದೀಪಕ್ಕೆ ದಾಟಿಹೋಗುತ್ತವೆ. ಅಂದರೆ ಅರವತ್ತು ವರ್ಷದ ಹಿಂದಿನ ಲೆಕ್ಕದಲ್ಲೇ ನಮ್ಮ ಯಾವ ಮುಖ್ಯರಸ್ತೆಯೂ ಮೋಟಾರಿನ ಪರೀಕ್ಷೆಯಲ್ಲಿ ಫೇಲಾಗುವಂತಿಲ್ಲ. ಉಳಿದಿರುವುದು ಆ ನೂರು ಸೈಕಲ್ಲುಗಳ ಪರೀಕ್ಷೆ ಮಾತ್ರ.

ಪೆಟ್ಟಿಗೆಯಲ್ಲಿ ಇಲ್ಲದ್ದು: ರಸ್ತೆ. ಅದನ್ನು ನೀವೇ ತರಬೇಕು.

ಹಂತ 1: ಎಣಿಸಿ

ಪಾಲಿಕೆಯ ಎಂಜಿನಿಯರ್ ಸಾಹೇಬರು ಒಳ್ಳೆಯವರೇ. ಚಹಾ ತರಿಸುತ್ತಾರೆ, ನಿಮ್ಮ ಮನವಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳುತ್ತಾರೆ: “ಎಲ್ಲಾ ಸರಿ ಸಾರ್. ಈಗ ಸೈಕಲ್ ಹೊಡೆಯೋರು ಯಾರಿದಾರೆ ಹೇಳಿ?”

ಇಲ್ಲಿ ವಾದಕ್ಕಿಳಿಯಬೇಡಿ. ಪರಿಸರ, ಇಂಗಾಲ, ಹೃದಯದ ಆರೋಗ್ಯ, ಕೋಪನ್‌ಹೇಗನ್ ಯಾವುದನ್ನೂ ಎತ್ತಬೇಡಿ. ಒಂದು ನೋಟುಬುಕ್ಕು ತೆಗೆದು ಮುಂದಿಡಿ.

ಆ ನೋಟುಬುಕ್ಕನ್ನು ತುಂಬಿಸುವ ಕ್ರಮ ಹೀಗೆ. ಸಂಚಾರ ಸಮೀಕ್ಷೆ ಎಂದರೆ ಎಲ್ಲರಿಗೂ ಕಣ್ಮುಂದೆ ಬರುವುದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಸಂಜೆ ಐದರಿಂದ ಎಂಟು. ಕಾರುಗಳು ಕಷ್ಟಪಡುವ ಹೊತ್ತು. ನೀವು ಬೆಳಗಿನ ಜಾವ ಐದಕ್ಕೇ ನಿಲ್ಲಿ. ಮೊದಲು ಪೇಪರ್ ಹುಡುಗರು ಬರುತ್ತಾರೆ, ಅವರ ಹಿಂದೆಯೇ ಹಾಲಿನವರು. ರಾತ್ರಿ ಪಾಳಿ ಮುಗಿಸಿದ ಅಪಾರ್ಟ್‌ಮೆಂಟ್ ಕಾವಲಿನವರು ಒಂದು ದಿಕ್ಕಿಗೆ, ಹಗಲು ಪಾಳಿಯವರು ಇನ್ನೊಂದು ದಿಕ್ಕಿಗೆ. ಕಟ್ಟಡ ಕೆಲಸದವರು ಇಬ್ಬಿಬ್ಬರಾಗಿ ಒಂದೊಂದು ಸೈಕಲ್ಲಿನಲ್ಲಿ ಬರುತ್ತಾರೆ, ಹಿಂದೆ ಕೂತವನ ಕೈಯಲ್ಲಿ ಕರಣಿಯೋ ಮಟ್ಟಗೋಲೋ. ಹೂವಿನವರು, ಸೊಪ್ಪಿನವರು, ಎಳನೀರಿನ ಗೊನೆಗಳನ್ನು ಎರಡೂ ಕಡೆ ಇಳಿಬಿಟ್ಟು ಸೈಕಲ್ಲನ್ನು ತುಳಿಯಲಾಗದೆ ತಳ್ಳುತ್ತಲೇ ಬರುವವರು. (ತಳ್ಳುವವರನ್ನೂ ಎಣಿಸಬೇಕು. ಅವರಿಗೂ ಅಷ್ಟೇ ಅಗಲ ಬೇಕು.) ರಾತ್ರಿ ಹನ್ನೊಂದರ ಮೇಲೆ ಇನ್ನೊಮ್ಮೆ ನಿಂತರೆ ಕ್ಯಾರಿಯರಿಗೆ ಫ್ಲಾಸ್ಕ್ ಕಟ್ಟಿ ಟೀ ಮಾರುವವರು ಸಿಗುತ್ತಾರೆ. ಅವರಲ್ಲಿ ಒಂದು ಟೀ ಕುಡಿಯಿರಿ. ಯಾವ ತಿರುವಿನಲ್ಲಿ ಲಾರಿ ಮೈಮೇಲೆ ಬರುತ್ತದೆ, ಯಾವ ಅಂಡರ್‌ಪಾಸಿನಲ್ಲಿ ದೀಪ ಇಲ್ಲ ಎಂಬುದೆಲ್ಲ ವಿಸ್ತೃತ ಯೋಜನಾ ವರದಿಗಿಂತ (ಡಿಪಿಆರ್) ಚೆನ್ನಾಗಿ ಅವರಿಗೆ ಗೊತ್ತು.

ಪುಟದಲ್ಲಿ ಎರಡು ಕಾಲಂ ಎಳೆಯಿರಿ. ಹೆಲ್ಮೆಟ್ ತೊಟ್ಟವರು ಒಂದರಲ್ಲಿ, ಕ್ಯಾರಿಯರಿಗೆ ಏನನ್ನಾದರೂ ಕಟ್ಟಿಕೊಂಡವರು ಇನ್ನೊಂದರಲ್ಲಿ. ಎರಡನೆಯದು ಬೇಗ ತುಂಬುತ್ತದೆ. ಉದ್ಘಾಟನೆಯ ದಿನ ಫೋಟೋದಲ್ಲಿ ಇರುವವರು ಮಾತ್ರ ಮೊದಲ ಕಾಲಮ್ಮಿನವರು. ಅವರ ಮೇಲೆ ನನಗೆ ಮುನಿಸಿಲ್ಲ. ಅವರು ಫೋನ್ ಮಾಡಿದರೆ ಅಧಿಕಾರಿಗಳು ಎತ್ತುತ್ತಾರೆ, ಅದೇನು ಸಣ್ಣ ಅನುಕೂಲವಲ್ಲ. ಆದರೆ ಭಾನುವಾರ ನಂದಿಬೆಟ್ಟಕ್ಕೆ ಹೋಗಿಬರುವವರಿಗೆ ಬೇಕಾದ ರಸ್ತೆ ಬೇರೆ, ವಾರಪೂರ್ತಿ ಹೊಟ್ಟೆಪಾಡಿಗೆ ತುಳಿಯುವವರಿಗೆ ಬೇಕಾದ ರಸ್ತೆ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಸಿಗುವುದು ಕೆರೆ ಏರಿಯ ಸುತ್ತ ಒಂದು ಕೆಂಪು ಪಟ್ಟಿ.

ನೋಟುಬುಕ್ಕಿನ ಮೊದಲ ಪುಟದಲ್ಲಿ 2011ರ ಜನಗಣತಿಯ ಎರಡು ಅಂಕಿ ಬರೆದಿಡಿ. ಆಗ ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು, ಕಾರು ಇದ್ದದ್ದು ಐದಕ್ಕೂ ಕಡಿಮೆ ಮನೆಗಳಲ್ಲಿ.

ರಾಜ್ಯ ಸರ್ಕಾರಕ್ಕೆ ಸೈಕಲ್ ಗೊತ್ತೇ ಇಲ್ಲವೆಂದಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಗಿ ಕೋವಿಡ್ ಬರುವವರೆಗೂ ನಡೆಯಿತು. ಲಕ್ಷಾಂತರ ಸೈಕಲ್ಲುಗಳು. ಹೈಸ್ಕೂಲು ಮೆಟ್ಟಿಲು ಹತ್ತಲಾಗದಿದ್ದ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳನ್ನು ಅವು ದಾಟಿಸಿದವು. ಆದರೆ ಆ ಸೈಕಲ್ಲಿದ್ದದ್ದು ಶಿಕ್ಷಣ ಇಲಾಖೆಯ ಕಡತದಲ್ಲಿ. ಶಾಲೆಯ ಗೇಟು ದಾಟಿ ರಾಜ್ಯ ಹೆದ್ದಾರಿಗೆ ಬಂದ ಕೂಡಲೇ ಅದು ಇನ್ನಾವ ಇಲಾಖೆಯ ಕಡತದಲ್ಲೂ ಇರಲಿಲ್ಲ. ಸೈಕಲ್ ಕೊಟ್ಟ ಕೈಗೂ ರಸ್ತೆ ಹಾಕಿದ ಕೈಗೂ ಪರಿಚಯವೇ ಇಲ್ಲ. ನಿಮ್ಮ ಕೆಲಸ ಮುಖ್ಯವಾಗಿ ಈ ಪರಿಚಯ ಮಾಡಿಸುವುದೇ.

ಹಂತ 2: ಎರಡು ಮೀಟರ್ ಹುಡುಕಿ

ಒಂದು ಸೈಕಲ್ಲಿಗೆ ಒಂದು ಮೀಟರ್ ಅಗಲ, ಪಥಕ್ಕೆ ಕನಿಷ್ಠ ಎರಡು ಮೀಟರ್. ಇದು ಐಆರ್‌ಸಿಯ ಹಳೆಯ ಲೆಕ್ಕ. ಟೇಪು ಹಿಡಿದು ನಿಮ್ಮ ರಸ್ತೆಗಿಳಿಯಿರಿ. ಡಾಂಬರಿನ ಅಂಚಿನಲ್ಲಿ ಸಾಲಾಗಿ ನಿಂತ ಕಾರುಗಳು ನುಂಗಿರುವ ಅಗಲವನ್ನು ಅಳೆದರೆ ಒಂದು ಬದಿಗೆ ಎರಡು, ಎರಡೂವರೆ ಮೀಟರ್ ಸಿಗುತ್ತದೆ. ಸಿಕ್ಕಿತಲ್ಲ!

ಈಗ ಅದನ್ನು ಯಾರಿಗೂ ಹೇಳದೆ ಒಂದು ದಿನ ಸುಮ್ಮನಿರಿ. ಹೇಳಿದ ಮೇಲೆ ಸುಮ್ಮನಿರಲು ಆಗುವುದಿಲ್ಲ.

ಈ ಉತ್ಪನ್ನದ ನಿಜವಾದ ಯಂತ್ರಭಾಗ ಇಲ್ಲಿದೆ; ಉಳಿದದ್ದೆಲ್ಲ ಬಣ್ಣ. ಸೈಕಲ್ ಪಥಕ್ಕೆ ಮರ ಕಡಿಯಬೇಕಿಲ್ಲ, ಭೂಸ್ವಾಧೀನ ಬೇಕಿಲ್ಲ, ಕಂಬ ನೆಟ್ಟು ಮೇಲ್ಸೇತುವೆ ಎತ್ತಬೇಕಿಲ್ಲ. ಒಂದು ಬದಿಯ ಕಾರುಗಳು ಸರಿಯಬೇಕು, ಅಷ್ಟೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಕೊರೆಯಲು ಹದಿನೇಳು ಸಾವಿರ ಕೋಟಿ ರೂಪಾಯಿ ದಾಟಿದ ಅಂದಾಜು ಮೇಜಿಂದ ಮೇಜಿಗೆ ಸಲೀಸಾಗಿ ಸಾಗುತ್ತದೆ. ಒಂದು ಅಡ್ಡರಸ್ತೆಯಲ್ಲಿ ನಿಂತ ಇಪ್ಪತ್ತು ಕಾರು ಸರಿಸಿ ಎನ್ನುವ ಅರ್ಜಿ ಮೊದಲ ಮೇಜಿನಲ್ಲೇ ಕೂರುತ್ತದೆ. ಸುರಂಗಕ್ಕೆ ಹಣ ಹೊಂದಿಸಿದರಾಯಿತು. ಇದಕ್ಕೆ ನಿಷ್ಠುರ ಕಟ್ಟಿಕೊಳ್ಳುವವರು ಬೇಕು.

ನಿಷ್ಠುರ ಮೊದಲು ಶುರುವಾಗುವುದು ನಿಮ್ಮದೇ ಬಡಾವಣೆಯ ನಿವಾಸಿಗಳ ಸಂಘದಲ್ಲಿ. ಸಭೆಯಲ್ಲಿ ನೀವು ಕೇಳಬಹುದಾದ ಮಾತುಗಳು, ಬರುವ ಕ್ರಮದಲ್ಲೇ:

“ಸೈಕಲ್ ಟ್ರ್ಯಾಕ್ ಬೇಕು ಕಣ್ರೀ, ಖಂಡಿತ ಬೇಕು. ನಮ್ಮ ಹುಡುಗ ಡೆನ್ಮಾರ್ಕಲ್ಲಿ ಆಫೀಸಿಗೆ ಸೈಕಲ್ಲಲ್ಲೇ ಹೋಗೋದು.”

“ಆದ್ರೆ ಈ ರೋಡು ಚಿಕ್ಕದಲ್ವೇ? ಆ ಕಡೆ ರೋಡಲ್ಲಿ ಹಾಕ್ಸಿ.”

“ನಮ್ಮನೆ ಮುಂದಿನ ಜಾಗ ನಮ್ದಲ್ದೆ ಇನ್ಯಾರ್ದು?”

ಮೂರನೆಯ ಮಾತು ಆಡಿದವರ ಮನೆಯ ಮುಂದೆ ಎರಡು ಹೂಕುಂಡ, ಒಂದು ಕಬ್ಬಿಣದ ಗೂಟ, ಅವರೇ ಬರೆಸಿದ ‘ನೋ ಪಾರ್ಕಿಂಗ್’ ಫಲಕ ಇರುತ್ತವೆ. ಅಂಥವರನ್ನು ಎದುರುಹಾಕಿಕೊಳ್ಳುವ ಬದಲು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಾರ್ವಜನಿಕ ರಸ್ತೆಯಲ್ಲಿ ಬೇರೆಯವರ ಕಾರು ನಿಲ್ಲಬಾರದು ಎನ್ನುವುದನ್ನು ಅವರು ಆಗಲೇ ಒಪ್ಪಿದ್ದಾರೆ. ಅರ್ಧ ದಾರಿ ಬಂದಾಯಿತು.

ಅಂಗಡಿಯವರ ಅಂಜಿಕೆ ಬೇರೆ ತರಹದ್ದು. ಕಾರು ನಿಲ್ಲದಿದ್ದರೆ ಗಿರಾಕಿ ನಿಲ್ಲುವುದಿಲ್ಲ ಎಂಬ ಭಯ. ಅವರೊಡನೆ ಒಂದು ಮಧ್ಯಾಹ್ನ ಕುಳಿತು, ಬಂದ ಗಿರಾಕಿಗಳು ಹೇಗೆ ಬಂದರು ಎಂದು ಅವರಿಂದಲೇ ಗೀಟು ಹಾಕಿಸಿ. ಅಂಗಡಿ ಮುಂದೆ ಬೆಳಿಗ್ಗೆಯಿಂದ ಅಲ್ಲಾಡದೆ ನಿಂತ ಕಾರು ಗಿರಾಕಿಯದೋ, ಪಕ್ಕದ ಕಟ್ಟಡದ ಆಫೀಸಿನವರದೋ ಎಂದೂ ಕೇಳಿ. ಹತ್ತು ಸೈಕಲ್ ನಿಲ್ಲುವ ಜಾಗವನ್ನು ಒಂದು ಕಾರು ಹಿಡಿಯುತ್ತದೆ ಎಂಬ ಲೆಕ್ಕ ವ್ಯಾಪಾರ ಮಾಡುವವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಹಂತ 3: ಅರ್ಜಿ ಕೊಡಿ

ಕೊಡುವ ಹೊತ್ತು ಮುಖ್ಯ. ರಸ್ತೆ ಅಗೆದಿರುವುದನ್ನು ನೋಡಿ ಓಡಿಹೋಗಿ ಕೊಟ್ಟ ಅರ್ಜಿ ವ್ಯರ್ಥ. ಎಸ್ಟಿಮೇಟು ಆಗಿ, ಟೆಂಡರು ಆಗಿ, ಗುತ್ತಿಗೆದಾರರ ಜಲ್ಲಿ ಬಂದು ಬಿದ್ದಿರುತ್ತದೆ. ಆಮೇಲೆ “ಮುಂದಿನ ಸಲ ನೋಡೋಣ ಸಾರ್” ಎನ್ನುವುದನ್ನು ಬಿಟ್ಟು ಎಂಜಿನಿಯರಿಗೂ ದಾರಿಯಿಲ್ಲ. ಎಸ್ಟಿಮೇಟು ಬರೆಯುವ ಮೊದಲೇ, ರಸ್ತೆಯ ಕ್ರಾಸ್ ಸೆಕ್ಷನ್ ನಕ್ಷೆಯಲ್ಲಿ ಎರಡು ಮೀಟರ್ ಗೆರೆ ಬೀಳಬೇಕು. ಹಾರ ಹಾಕಿಸಿಕೊಂಡ ಭಾಷಣಕ್ಕಿಂತ ಆ ಗೆರೆಗೆ ಬೆಲೆ ಜಾಸ್ತಿ.

ಯಾರಿಗೆ ಕೊಡುವುದು? ಬೆಂಗಳೂರಿನ ಹಳೆಯ ಪಾಲಿಕೆ ಬಿಬಿಎಂಪಿಯಲ್ಲಿ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷದ ಬಳಿಕ, 2025ರ ಸೆಪ್ಟೆಂಬರಿನಲ್ಲಿ, ಬಿಬಿಎಂಪಿಯೇ ಮುಗಿದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಹಳೆಯ ಸಂಸ್ಥೆಗೆ ಕೊಟ್ಟ ನಿಮ್ಮ ಅರ್ಜಿ ಯಾವ ಹೊಸ ಮನೆಗೆ ಪಾಲಾಯಿತು ಎಂಬುದನ್ನು ಮೊದಲು ಪತ್ತೆ ಹಚ್ಚಿ. ಇದಕ್ಕೆ ಮಾಹಿತಿ ಹಕ್ಕು ಇದೆ: ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಕನ್ನಡದಲ್ಲಿ ಬರೆದರೆ ಲಾಭವಿದೆ. ‘ಅಳವಡಿಸಲಾಗಿಲ್ಲವೆಂಬುದಕ್ಕೆ’ ಎಂದರೂ ಒಂದೇ ಪದ.

ಟಪಾಲು ವಿಭಾಗದಲ್ಲಿ ಇನ್‌ವರ್ಡ್ ನಂಬರ್ ಪಡೆಯದೆ ಮೆಟ್ಟಿಲು ಇಳಿಯಬೇಡಿ. ಅರ್ಜಿಯ ಮೇಲೆ ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂದು ಹಸಿರು ಶಾಯಿ ಬಿದ್ದರೆ ಸಂತೋಷಪಡಬೇಡಿ. ಅದರ ಅರ್ಥ, ಕಾಗದ ಒಂದು ಮೆಟ್ಟಿಲು ಕೆಳಗಿಳಿಯಿತು ಎಂದಷ್ಟೆ.

ಹಂತ 4: ಗುಣಮಟ್ಟ ಪರೀಕ್ಷೆ

ಕೆಲಸ ಶುರುವಾದರೆ (ಆಗುತ್ತದೆ, ಕೆಲವೊಮ್ಮೆ) ನೋಡಬೇಕಾದದ್ದು ಬಣ್ಣವನ್ನಲ್ಲ. ಚರಂಡಿಯ ಜಾಲರಿ ನೋಡಿ. ಅದರ ಸರಳುಗಳು ಸೈಕಲ್ ಸಾಗುವ ದಿಕ್ಕಿಗೆ ಅಡ್ಡಲಾಗಿರಬೇಕು. ಉದ್ದಕ್ಕಿದ್ದರೆ ಮುಂದಿನ ಚಕ್ರ ಸಂದಿಯೊಳಗೆ ಇಳಿಯುತ್ತದೆ, ಸವಾರ ಹ್ಯಾಂಡಲ್ ದಾಟಿ ಹೋಗುತ್ತಾನೆ. ಮ್ಯಾನ್‌ಹೋಲ್ ಮುಚ್ಚಳ ಡಾಂಬರಿನ ಮಟ್ಟಕ್ಕಿದೆಯೇ, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಪಥ ಬಳಸಿ ಹೋಗುತ್ತದೆಯೇ ಅಥವಾ ಅದಕ್ಕೇ ಬಂದು ಢಿಕ್ಕಿ ಹೊಡೆಯುತ್ತದೆಯೇ, ನೋಡಿ.

ಆಮೇಲೆ ಜಂಕ್ಷನ್. ನಕ್ಷೆಯಲ್ಲಿ ಪಥ ನೇರವಾಗಿ ಬಂದು ಜಂಕ್ಷನ್ ಹತ್ತಿರ ಮಾಯವಾಗಿ, ದಾಟಿದ ಮೇಲೆ ಮತ್ತೆ ಕಾಣಿಸಿಕೊಂಡರೆ ಆ ನಕ್ಷೆಯನ್ನು ವಾಪಸು ಕಳಿಸಿ. ಸೈಕಲ್ಲಿನವರಿಗೆ ರಕ್ಷಣೆ ಬೇಕಾದದ್ದೇ ಆ ಮಾಯವಾದ ತುಣುಕಿನಲ್ಲಿ. ನಮ್ಮ ಹಲವು ಜಂಕ್ಷನ್ನುಗಳಲ್ಲಿ ಫ್ರೀ ಲೆಫ್ಟ್ ಎಂಬುದೊಂದಿದೆ: ಸಿಗ್ನಲ್ ಕೆಂಪಿದ್ದರೂ ಎಡಕ್ಕೆ ತಿರುಗುವ ವಾಹನಕ್ಕೆ ತಡೆಯಿಲ್ಲ. ಎಡ ಅಂಚಿನಲ್ಲೇ ನೇರ ಹೋಗಬೇಕಾದ ಸೈಕಲ್ಲಿನವರು ಹಾಗೆ ತಿರುಗುವ ಬಸ್ಸಿನ, ಲಾರಿಯ ಹಿಂಚಕ್ರದ ಪಕ್ಕದಲ್ಲೇ ಇರುತ್ತಾರೆ. ಸೈಕಲ್ಲಿಗೆ ನಿಲ್ಲುವ ಗೆರೆ ಮೋಟಾರಿನ ಗೆರೆಗಿಂತ ಮುಂದಿರಬೇಕು, ಎಡ ತಿರುವು ಕಿರಿದಾಗಿರಬೇಕು, ಅಡ್ಡರಸ್ತೆ ದಾಟುವಲ್ಲಿ ಪಥ ತುಸು ಎತ್ತರಿಸಿರಬೇಕು. ಇಷ್ಟು ಇಲ್ಲದ ಪಥ, ಇಲ್ಲದ ಪಥಕ್ಕಿಂತ ಅಪಾಯ: ಅದು ಸವಾರರಿಗೆ ಸುಳ್ಳು ಧೈರ್ಯ ಕೊಡುತ್ತದೆ.

ಉದ್ದವನ್ನೂ ಕೇಳಿ. ಸ್ಪೇನಿನ ಸೆವಿಲ್ಲೆ ನಗರದಲ್ಲಿ ಸೈಕಲ್ ತುಳಿಯುವವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, 2006ರ ಆಸುಪಾಸು, ಒಂದಕ್ಕೊಂದು ಕೂಡಿಕೊಂಡ ಸುಮಾರು 80 ಕಿಲೋಮೀಟರ್ ಪಥವನ್ನು ಒಂದೇ ಬೀಸಿಗೆ ಹಾಕಿದರು, ಕಾರು ನಿಲ್ಲುವ ಜಾಗ ತೆಗೆದುಕೊಂಡೇ ಹಾಕಿದರು. ಸವಾರರು ಆಮೇಲೆ ಬಂದರು. ನಮ್ಮಲ್ಲಿ ‘ಪ್ರಾಯೋಗಿಕವಾಗಿ ಒಂದು ಕಿಲೋಮೀಟರ್’ ಹಾಕಿ, ಯಾರೂ ಬರಲಿಲ್ಲವೆಂದು ಬರೆದು ಕಡತ ಮುಚ್ಚುತ್ತಾರೆ. ಒಂದು ಕಿಲೋಮೀಟರ್ ಹೋಗಲು ನಡೆದರೆ ಸಾಕಲ್ಲ!

ಹಳೆಯ ಮಾದರಿಗಳು

ಜಯನಗರ ಮಾದರಿ (2012ರ ಸುಮಾರು): ನೆಲಕ್ಕೆ ಬಳಿದ ಗೆರೆ. ಗೆರೆಯ ಮೇಲೆ ಕಾರು. ಕಾರಿನ ಕೆಳಗೆ ಗೆರೆ ನಾಲ್ಕು ಮಳೆಗಾಲ ಹೆಚ್ಚು ಬಾಳಿತು.

ಹೊರವರ್ತುಲ ರಸ್ತೆ ಮಾದರಿ (2020): ಕೋವಿಡ್ ಕಾಲದಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಪ್ಲಾಸ್ಟಿಕ್ ಕಂಬ ನೆಟ್ಟು ಬೇರ್ಪಡಿಸಿದ್ದು. ಇದು ನನಗೆ ಇಷ್ಟವಾದ ಮಾದರಿ. ಬಣ್ಣದ ಬದಲು ಅಡ್ಡಗಟ್ಟು ಇತ್ತು. ದ್ವಿಚಕ್ರ ವಾಹನಗಳು ಕಂಬದ ನಡುವೆ ನುಗ್ಗಿದವು, ನಿಜ. ಸೈಕಲ್ ತೂರುವ ಸಂದಿಯಲ್ಲಿ ಸ್ಕೂಟರೂ ತೂರುತ್ತದೆ. ಅದನ್ನು ಕಂಬ ತಡೆಯಲಾರದು, ಕಾನ್‌ಸ್ಟೇಬಲ್ ತಡೆಯಬೇಕು. ಆಮೇಲೆ ಮೆಟ್ರೊ ಕಾಮಗಾರಿ ಬಂತು.

ಮೈಸೂರು ಮಾದರಿ (ಟ್ರಿಣ್ ಟ್ರಿಣ್, 2017): 450 ಸೈಕಲ್, 48 ನಿಲ್ದಾಣ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವೂ ಇತ್ತು. ಅರಮನೆ ಊರಿನ ಅಗಲ ರಸ್ತೆಗಳಲ್ಲಿ ಕಾಲೇಜು ಹುಡುಗರೂ ಪ್ರವಾಸಿಗರೂ ತುಳಿದರು. ಸೈಕಲ್ ಜೊತೆಗಿತ್ತು, ಪಥ ಪ್ರತ್ಯೇಕ ಮಾರಾಟ.

ದೋಷ ನಿವಾರಣೆ

ಪಥದಲ್ಲಿ ಕಾರು ನಿಂತಿದೆ: ಸಂಚಾರ ಪೊಲೀಸರಿಗೆ ಹೇಳಿ. ಪಾಲಿಕೆಯವರು ಜಾಗ ಗುರುತಿಸಿಲ್ಲ ಎನ್ನುತ್ತಾರೆ. ಪಾಲಿಕೆಯವರಿಗೆ ಹೇಳಿ. ದಂಡ ಹಾಕುವುದು ಪೊಲೀಸರ ಕೆಲಸ ಎನ್ನುತ್ತಾರೆ. ಇಬ್ಬರನ್ನೂ ಒಂದೇ ದಿನ ಅದೇ ಕಾರಿನ ಮುಂದೆ ನಿಲ್ಲಿಸಿ.

“ಸೈಕಲ್ ಬಹಳ ನಿಧಾನ” ಎಂಬ ಶಬ್ದ ಬರುತ್ತಿದೆ: 2023ರ ಟಾಮ್‌ಟಾಮ್ ಪಟ್ಟಿಯ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ ಕಾರಿನವರಿಗೆ 10 ಕಿಲೋಮೀಟರ್ ಸಾಗಲು 28 ನಿಮಿಷಕ್ಕೂ ಹೆಚ್ಚು ಬೇಕಾಗಿತ್ತು. ಸೈಕಲ್ ಅದಕ್ಕಿಂತ ಹಿಂದೆ ಬೀಳುತ್ತದೆ, ಹತ್ತು ಹನ್ನೆರಡು ನಿಮಿಷ. ಕಾರು ನಿಲ್ಲಿಸಲು ಜಾಗ ಹುಡುಕುವ ಹೊತ್ತನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಪಥದಲ್ಲಿ ಹೆಣ್ಣುಮಕ್ಕಳೂ ಶಾಲಾ ಮಕ್ಕಳೂ ಕಾಣುತ್ತಿಲ್ಲ: ಉತ್ಪನ್ನ ಕೆಲಸ ಮಾಡುತ್ತಿಲ್ಲ. ಹಂತ 4ಕ್ಕೆ ಹಿಂದಿರುಗಿ. ದೀಪ, ಜಂಕ್ಷನ್, ಅಡ್ಡಗಟ್ಟು ಮತ್ತೆ ನೋಡಿ.

ವಾರಂಟಿ

ವಾರಂಟಿಯು ಉದ್ಘಾಟನೆಯ ಟೇಪು ಕತ್ತರಿಸಿದ ಕ್ಷಣ ಶುರುವಾಗಿ, ಕತ್ತರಿಸಿದ ತುಂಡು ನೆಲ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ. ಜಲಮಂಡಳಿ ಅಗೆದರೆ, ಕೇಬಲ್‌ನವರು ಅಗೆದರೆ, ಅಗೆದು ಮುಚ್ಚಿದವರ ಮೇಲೆ ಇನ್ನೊಬ್ಬರು ಅಗೆದರೆ ಅನ್ವಯವಾಗುವುದಿಲ್ಲ. ಆದ್ದರಿಂದ ನಿರ್ವಹಣೆಯ ವೆಚ್ಚ ಎಸ್ಟಿಮೇಟಿನಲ್ಲೇ ಪ್ರತ್ಯೇಕ ಸಾಲಾಗಿ ಇರುವಂತೆ ನೋಡಿಕೊಳ್ಳಿ: ಗುಡಿಸುವವರು ಯಾರು, ಮುರಿದ ಕಂಬ ಬದಲಿಸುವವರು ಯಾರು, ಅಡ್ಡ ನಿಂತ ಗಾಡಿಯನ್ನು ಎತ್ತುವವರು ಯಾರು. ಹುದ್ದೆಯ ಹೆಸರು ಬರೆಯದಿದ್ದರೆ ಆ ಸಾಲು ಲೆಕ್ಕಕ್ಕಿಲ್ಲ.

ಎಂಜಿನಿಯರ್ ವರ್ಗವಾದರೆ ಹಂತ 1ರ ನೋಟುಬುಕ್ಕು ಸಹಿತ ಹಂತ 3ರಿಂದ ಮತ್ತೆ ಆರಂಭಿಸಬೇಕು. ನೋಟುಬುಕ್ಕಿನ ಮೂಲಪ್ರತಿಯನ್ನು ಯಾರಿಗೂ ಕೊಡಬೇಡಿ. ಜೆರಾಕ್ಸ್ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.